ತೆರೆದ ಕಣ್ಣಿನ ಕಾವಲು

ರೆಪ್ಪೆ ಕಣ್ಣನ್ನು ಕಾಯುವಂತೆ ತಾಯಿ ಮಗುವನ್ನು ಕಾಯುತ್ತಾಳೆ ಎಂಬುದು ಕನ್ನಡಿಗರ ನಿತ್ಯದ ಮಾತು. ಆದರೆ ರೆಪ್ಪೆಯ ಕಾವಲು ಪೂರ್ಣವಾಗುವುದು ಅದು ಮುಚ್ಚಿದಾಗ ಮಾತ್ರ. ಎಚ್ಚರವಿರುವಷ್ಟು ಹೊತ್ತೂ ಕಣ್ಣು ತೆರೆದೇ ಇರಬೇಕು. ಗಾಳಿ, ಧೂಳು, ಹೊಗೆ, ರೋಗಾಣುಗಳನ್ನು ಎದುರಿಸಲೇಬೇಕು. ಆಗ ಅದನ್ನು ಕಾಯುವವರಾರು? ನೇತ್ರವಿಜ್ಞಾನವು ಕೊಡುವ ಉತ್ತರ ಸ್ವಾರಸ್ಯವಾದುದು: ಕಾಯುವುದು ಒಂದು ತೆಳುವಾದ ಲೋಳೆ.

ಕಣ್ಣೀರೆಂದರೆ ಬರಿಯ ಉಪ್ಪುನೀರಲ್ಲ. ಕಣ್ಣಿನ ಮೇಲೆ ಸದಾ ಹರಡಿರುವ ಅದರ ಪದರದ ದಪ್ಪ ಒಂದು ಮಿಲಿಮೀಟರಿನ ಸಾವಿರದಲ್ಲಿ ಸುಮಾರು 3 ಭಾಗ. ತಲೆಗೂದಲಿನ ದಪ್ಪದ 20ರಲ್ಲಿ ಒಂದು ಪಾಲಿನಷ್ಟು. ಹೊರಮೈಯಲ್ಲಿ ಎಣ್ಣೆ, ಅದರ ಕೆಳಗೆ ನೀರು, ಆ ನೀರಿನೊಡನೆ ಬೆರೆತು ಕಣ್ಣಿಗೆ ಅಂಟಿಕೊಂಡಿರುವ ಲೋಳೆ, ಇದು ಅದರ ರಚನೆ. ಲೋಳೆಗೆ ಆ ಗುಣವನ್ನು ಕೊಡುವುದು ‘ಮ್ಯೂಸಿನ್’ ಎಂಬ ಸಸಾರಜನಕಗಳು. ಇವುಗಳ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಕ್ಕರೆಯ ಸರಣಿಗಳು. ಅವೇ ನೀರನ್ನು ಹಿಡಿದಿಡುತ್ತವೆ.

ಮ್ಯೂಸಿನ್‌ಗಳಲ್ಲಿ ಎರಡು ಬಗೆ. ಕಣ್ಣಿನ ಬಿಳಿಭಾಗವನ್ನು ಹೊದೆದಿರುವ ತೆಳುಪೊರೆಯಲ್ಲಿ ಗಾಬ್ಲೆಟ್ ಎಂಬ ಬಟ್ಟಲಿನಾಕಾರದ ಜೀವಕೋಶಗಳಿವೆ. ಅವು ‘ಮ್ಯೂಕ್-5ಎಸಿ’ಯನ್ನು ಸ್ರವಿಸುತ್ತವೆ. ಇದು ಧೂಳನ್ನೂ ರೋಗಾಣುಗಳನ್ನೂ ಸುತ್ತಿಕೊಂಡು ಮೂಲೆಗೆ ಸಾಗಿಸುತ್ತದೆ. ಬೆಳಗ್ಗೆ ಕಣ್ಣಂಚಿನಲ್ಲಿ ಕಾಣುವ ಗೀಜು ಬಹುಮಟ್ಟಿಗೆ ಈ ಕಸಗುಡಿಸುವಿಕೆಯ ಫಲ. ಎರಡನೆಯ ಬಗೆಯದು ‘ಮ್ಯೂಕ್-16’ರಂತಹದು. ಇದು ಮೇಲ್ಮೈಯ ಜೀವಕೋಶಗಳಿಗೇ ಬೇರೂರಿ ನಿಂತ ಬೇಲಿ. ಈ ಬೇಲಿ ದೃಢವಾಗಿರುವವರೆಗೆ ರೋಗಾಣುಗಳು ಅಂಟಿಕೊಳ್ಳಲಾರವು, ರೆಪ್ಪೆಯೂ ಉಜ್ಜದೆ ಜಾರುತ್ತದೆ.

ಮಹಾನಗರದ ಬದುಕು ಈ ಬೇಲಿಯನ್ನು ಪರೀಕ್ಷಿಸುವಂತಹದು. ಪಶ್ಚಿಮ ಮತ್ತು ಮಧ್ಯ ರೈಲುಮಾರ್ಗಗಳೆರಡೂ ಸೇರುವ ದಾದರಿನಲ್ಲಿ ಒಮ್ಮೆ ನಿಂತು ನೋಡಿದರೆ ಸಾಕು. ನಸುಕಿನಲ್ಲಿ ಹೂವಿನ ಪೇಟೆಗೆ ಬಂದವರು ರಸ್ತೆಯ ಧೂಳು, ವಾಹನಗಳ ಹೊಗೆಯ ನಡುವೆಯೇ ವ್ಯಾಪಾರ ಮಾಡುತ್ತಾರೆ. ಹೋಟೆಲಿನ ಅಡುಗೆಮನೆಯಲ್ಲಿ ದೋಸೆಯ ಕಾವಲಿಯ ಮುಂದೆ ನಿಂತವನ ಕಣ್ಣಿಗೆ ದಿನವಿಡೀ ಬಿಸಿಗಾಳಿ ಬಡಿಯುತ್ತದೆ. ಕಚೇರಿಯ ಗುಮಾಸ್ತನು ಹವಾನಿಯಂತ್ರಿತ ಕೋಣೆಯಲ್ಲಿ ಕಂಪ್ಯೂಟರನ್ನು ದಿಟ್ಟಿಸಿ, ಲೋಕಲ್ ಗಾಡಿಯಲ್ಲಿ ಮೊಬೈಲನ್ನು ದಿಟ್ಟಿಸುತ್ತಾನೆ. ದಿಟ್ಟಿಸುವ ಕಣ್ಣು ರೆಪ್ಪೆ ಬಡಿಯುವುದನ್ನು ಮರೆಯುತ್ತದೆ. ಕಣ್ಣೀರು ಆರಿದಂತೆ ಉಳಿದ ನೀರಿನಲ್ಲಿ ಉಪ್ಪು ಹೆಚ್ಚುತ್ತದೆ. ಆ ಉಪ್ಪು ಮೇಲ್ಮೈಯ ಜೀವಕೋಶಗಳನ್ನು ಕೆರಳಿಸಿ ಉರಿಯೂತವನ್ನು ಹುಟ್ಟಿಸುತ್ತದೆ. ಉರಿಯೂತದಿಂದ ಗಾಬ್ಲೆಟ್ ಕೋಶಗಳು ನಶಿಸುತ್ತವೆ. ಲೋಳೆ ಕುಗ್ಗಿ ಕಣ್ಣು ಇನ್ನಷ್ಟು ಒಣಗುತ್ತದೆ. ಹೀಗೆ ರೋಗವೇ ರೋಗವನ್ನು ಬೆಳೆಸುವ ಚಕ್ರ ತಿರುಗತೊಡಗುತ್ತದೆ.

ಅಂಟುಬೇನೆಯ ಕಥೆಯೂ ಇದಕ್ಕೆ ಹೊರತಲ್ಲ. ಕೆಂಗಣ್ಣು ಬೇನೆಯನ್ನುಂಟುಮಾಡುವ ಕೆಲವು ಅಡಿನೊ ವೈರಸ್ಸುಗಳು ‘ಮ್ಯೂಕ್-16’ರ ಬೇಲಿಯನ್ನೇ ಕಳಚಿಹಾಕಿ ಒಳನುಗ್ಗುತ್ತವೆಂದು ಪ್ರಯೋಗಶಾಲೆಯ ಸಂಶೋಧನೆಗಳು ತೋರಿಸಿವೆ. ಮುಂಬಯಿಗೆ ಕೆಂಗಣ್ಣು ಹೊಸತಲ್ಲ. 2023ರ ಮಳೆಗಾಲದಲ್ಲಿ ಅದು ಮನೆಮನೆಗೂ ಹಬ್ಬಿತ್ತು. 1971ರಲ್ಲಿ ಎಂಟರೊವೈರಸ್ 70 ಎಂಬ ವೈರಸ್ಸಿನಿಂದ ಹಬ್ಬಿದ ಬೇನೆಯಂತೂ ಮರೆಯಲಾಗದ ಪಾಠ ಕಲಿಸಿತು. ಕಣ್ಣು ವಾಸಿಯಾದ ಮೇಲೆ ಕೆಲವರ ಕೈಕಾಲುಗಳು ಪೋಲಿಯೊದಲ್ಲಿ ಆಗುವಂತೆ ಬಲಗುಂದಿದುದನ್ನು ಈ ನಗರದ ನರರೋಗ ತಜ್ಞ ಡಾ. ನೋಶೀರ್ ವಾಡಿಯಾ ಮತ್ತು ಅವರ ಸಹೋದ್ಯೋಗಿಗಳು ವೈದ್ಯಲೋಕದ ಗಮನಕ್ಕೆ ತಂದರು. ಅಂತಹ ಪ್ರಸಂಗ ವಿರಳವೆಂಬುದು ನಿಜ. ಆದರೂ ‘ಕೆಂಗಣ್ಣು ತಾನೇ’ ಎಂಬ ಉದಾಸೀನ ಸಲ್ಲದೆಂಬುದಕ್ಕೆ ಅದು ಸಾಕ್ಷಿ.

ಆದರೆ ಇಂದು ಆಗುತ್ತಿರುವುದೇನು? ಕಣ್ಣು ಕೆಂಪಾಯಿತೆಂದರೆ ಜನ ಧಾವಿಸುವುದು ವೈದ್ಯರಲ್ಲಿಗಲ್ಲ, ಔಷಧದ ಅಂಗಡಿಗೆ. ಅಲ್ಲಿ ಎಷ್ಟೋ ವೇಳೆ ಚೀಟಿಯಿಲ್ಲದೆಯೇ ಸ್ಟೀರಾಯ್ಡ್ ಬೆರೆತ ಹನಿಮದ್ದು ಕೈಗೆ ಬರುತ್ತದೆ. ಮರುದಿನ ಕೆಂಪು ಇಳಿಯುತ್ತದೆ, ಅದೇ ಅಪಾಯ. ಕೆಂಪು ಹೋದುದನ್ನು ರೋಗ ಹೋಯಿತೆಂದು ಭ್ರಮಿಸಿ, ಅರ್ಧ ಉಳಿದ ಸೀಸೆಯನ್ನು ಕಪಾಟಿನಲ್ಲಿಟ್ಟು, ಮುಂದಿನ ಸಲ ಮನೆಮಂದಿಯೆಲ್ಲ ಬಳಸುತ್ತಾರೆ. ಇಂತಹ ಮದ್ದನ್ನು ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನೊಳಗಿನ ಒತ್ತಡ ಏರಿ, ನೋವಿಲ್ಲದೆಯೇ ನೋಟವನ್ನು ಕಸಿಯುವ ಗ್ಲಾಕೋಮಾ ಬರಬಹುದು, ಪೊರೆಯೂ ಬೆಳೆಯಬಹುದು. ಶಿಲೀಂಧ್ರದ ಹುಣ್ಣಿಗೆ ಹಾಕಿದರೆ ಕೆಡುಕು ಇಮ್ಮಡಿಸುತ್ತದೆ. ಇಷ್ಟು ಸಾಲದೆಂಬಂತೆ, ಅನೇಕ ಹನಿಮದ್ದುಗಳು ಕೆಡದಿರಲೆಂದು ಬೆರೆಸುವ ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ರಾಸಾಯನಿಕ ದೀರ್ಘಕಾಲದ ಬಳಕೆಯಿಂದ ಗಾಬ್ಲೆಟ್ ಕೋಶಗಳನ್ನೇ ಕ್ಷೀಣಿಸುತ್ತದೆ. ಬೇಲಿಯನ್ನು ರಕ್ಷಿಸಹೊರಟು ಬೇಲಿಯನ್ನೇ ಕಿತ್ತಂತಾಯಿತು.

ಸ್ಟೀರಾಯ್ಡ್ ಸ್ವತಃ ಶತ್ರುವಲ್ಲ. ತಜ್ಞರ ಕೈಯಲ್ಲಿ, ಅಳತೆಯಲ್ಲಿ, ಅವಧಿಯಲ್ಲಿ ಅದು ಎಷ್ಟೋ ಕಣ್ಣುಗಳನ್ನು ಉಳಿಸಿದೆ. ಅದನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ನಿಯಮವೂ ಇದೆ. ಇಲ್ಲದಿರುವುದು ನಿಯಮವಲ್ಲ, ಪಾಲನೆ. ದಿನಗೂಲಿಯವನು ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಅಂದಿನ ಸಂಬಳ ಹೋಗುತ್ತದೆ, ಆದುದರಿಂದಲೇ ಅವನು ಅಂಗಡಿಗೆ ಹೋಗುತ್ತಾನೆ ಎಂದು ಕೆಲವರು ಹೇಳಬಹುದು. ಈ ಮಾತಿನಲ್ಲಿ ಸತ್ಯವಿದೆ. ಆದರೆ ಒಂದು ದಿನದ ಕೂಲಿಯನ್ನು ಉಳಿಸಹೋಗಿ ದುಡಿಯುವ ಕಣ್ಣನ್ನೇ ಒತ್ತೆಯಿಡುವುದು ಜಾಣತನವಲ್ಲ.

ಇಲ್ಲಿ ಕನ್ನಡ ಸಂಘಗಳಿಗೂ ಒಂದು ಕರ್ತವ್ಯವಿದೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು (1916–2005) ಆಸ್ಪತ್ರೆಗೆ ಬರಲಾಗದವರ ಊರಿಗೇ ಹೋಗಿ ಪೊರೆ ತೆಗೆದ ಪರಂಪರೆ ಕನ್ನಡಿಗರದು. ಸಂಘಗಳ ನೇತ್ರ ಶಿಬಿರಗಳು ಇಂದಿಗೂ ಬಹುಮಟ್ಟಿಗೆ ಕನ್ನಡಕ ಮತ್ತು ಪೊರೆಗಳನ್ನೇ ಲೆಕ್ಕ ಹಾಕುತ್ತವೆ. ಇನ್ನು ಮುಂದೆ ಬಂದವರೆಲ್ಲರನ್ನೂ ‘ಯಾವ ಹನಿಮದ್ದು ಹಾಕುತ್ತೀರಿ, ಎಷ್ಟು ದಿನದಿಂದ, ಯಾರು ಹೇಳಿದರು?’ ಎಂದು ಕೇಳಲಿ, ಸೀಸೆಯನ್ನು ತರಹೇಳಲಿ. ಕಣ್ಣಂಚಿಗೆ ಸಣ್ಣ ಕಾಗದದ ಪಟ್ಟಿಯನ್ನಿಟ್ಟು ಐದು ನಿಮಿಷದಲ್ಲಿ ಕಣ್ಣೀರನ್ನು ಅಳೆಯುವ ಷರ್ಮರ್ ಪರೀಕ್ಷೆಗೆ ಹೆಚ್ಚು ಖರ್ಚಿಲ್ಲ. ಶಿಬಿರವು ಸಂಜೆಯಲ್ಲೋ ರಜಾದಿನದಲ್ಲೋ ನಡೆದರೆ ದುಡಿಯುವವನ ಕೂಲಿಯೂ ಉಳಿಯುತ್ತದೆ.

ಮನೆಯಲ್ಲಿ ಮಾಡಬಹುದಾದುದೂ ಕಷ್ಟದ್ದಲ್ಲ. ಕಣ್ಣುಜ್ಜದಿರುವುದು, ಕೈ ತೊಳೆಯುವುದು, ಬೇನೆ ಬಂದವರ ಟವೆಲನ್ನು ಬೇರೆಯಿಡುವುದು, ಪರದೆಯಿಂದ ಆಗಾಗ ದೃಷ್ಟಿ ತೆಗೆದು ರೆಪ್ಪೆ ಬಡಿಯುವುದು, ಮಕ್ಕಳ ಊಟದಲ್ಲಿ ಸೊಪ್ಪು, ಪಪ್ಪಾಯಿ, ಹಾಲುಗಳಿರುವಂತೆ ನೋಡಿಕೊಳ್ಳುವುದು ಮುಖ್ಯ. ‘ಎ’ ಜೀವಸತ್ವವಿಲ್ಲದೆ ಗಾಬ್ಲೆಟ್ ಕೋಶಗಳು ಬಾಳಲಾರವು. ಎದೆಹಾಲು, ಜೇನುತುಪ್ಪಗಳನ್ನು ಕಣ್ಣಿಗೆ ಬಿಡುವ ರೂಢಿಯೂ ನಿಲ್ಲಬೇಕು. ನೋವು, ಮಬ್ಬು, ಬೆಳಕು ಸಹಿಸಲಾಗದಿರುವುದು, ಇವುಗಳಲ್ಲಿ ಒಂದು ಕಂಡರೂ ಅಂದೇ ನೇತ್ರವೈದ್ಯರನ್ನು ಕಾಣಬೇಕು.

ಪ್ರಕೃತಿಯು ತೆರೆದ ಕಣ್ಣಿಗೂ ಒಬ್ಬ ಕಾವಲುಗಾರನನ್ನು ಕೊಟ್ಟಿದೆ. ಅವನು ಕಣ್ಣಿಗೆ ಕಾಣುವುದಿಲ್ಲ, ಸಂಬಳ ಕೇಳುವುದಿಲ್ಲ. ಅವನ ಕೈಯನ್ನು ಅಂಗಡಿಯ ಸೀಸೆಯಿಂದ ಕಟ್ಟಿಹಾಕದಿದ್ದರೆ ಅಷ್ಟೇ ಸಾಕು.