‘ಬೆಸುಗೆ’ ಎಂಬ ಸೋಮಾರಿ ಪದ

ನಮ್ಮ ಸೆಮಿನಾರುಗಳಲ್ಲಿ ಒಂದು ಪದಕ್ಕೆ ಹತ್ತು ವರ್ಷ ರಜೆ ಕೊಡಬೇಕು: ಬೆಸುಗೆ. ಪರಂಪರೆ ಮತ್ತು ಆಧುನಿಕತೆಯ ಬೆಸುಗೆ, ಮಾರ್ಗ-ದೇಸಿಗಳ ಬೆಸುಗೆ, ಜಾನಪದ ಮತ್ತು ರಾಕ್ ಸಂಗೀತದ ಬೆಸುಗೆ. ನನ್ನ ಪಿಎಚ್‌ಡಿ ಪ್ರಬಂಧದ ಎರಡನೆಯ ಅಧ್ಯಾಯವೊಂದರಲ್ಲೇ ಈ ಪದ 14 ಸಲ ಬಂದಿತ್ತು. ಎಣಿಸಿದ್ದೇನೆ. ಎಣಿಸುವಂತೆ ಮಾಡಿದ್ದು ಒಂದು ಗಿಟಾರು.

ಹಳೇ ಬಾಗಲಕೋಟೆಯ ನಮ್ಮ ಮನೆ ಆಲಮಟ್ಟಿ ಹಿನ್ನೀರಿನ ಪಾಲಾಗುವ ಮುಂಚೆ ಬಿಚ್ಚಿ ತಂದ ಸಾಗವಾನಿ ತೊಲೆಯೊಂದು ನವನಗರದ ಮನೆಯಲ್ಲಿ ಸುಮ್ಮನೆ ಬಿದ್ದಿತ್ತು. ಕಳೆದ ವರ್ಷ ಅದರಿಂದ ಎಲೆಕ್ಟ್ರಿಕ್ ಗಿಟಾರು ಮಾಡಹೊರಟೆ. ನೆಕ್ಕನ್ನು ಬಾಡಿಗೆ ಕೂಡಿಸಲು ಮೂರು ದಾರಿಗಳಿವೆ. ಫೆಂಡರ್ 1950ರಲ್ಲಿ ಮಾಡಿದಂತೆ ಸ್ಕ್ರೂ ಹಾಕಬಹುದು. ಗಿಬ್ಸನ್ 1952ರಲ್ಲಿ ತಂದ ಲೆಸ್ ಪಾಲ್‌ನಂತೆ ಕಚ್ಚು ಕೊರೆದು ಅಂಟಿಸಬಹುದು. ಇಲ್ಲವೇ ನೆಕ್ಕಿನ ಮರವನ್ನೇ ಬಾಡಿಯ ಕೊನೆಯವರೆಗೂ ಒಯ್ಯಬಹುದು. ನಾನು ಅಂಟಿನ ದಾರಿ ಹಿಡಿದೆ.

ನಾನು ಕೊರೆದ ಕಚ್ಚು ಒಂದು ಮಿಲಿಮೀಟರ್ ಅಗಲ ಹೆಚ್ಚಾಯಿತು. ಬಿಳಿ ಅಂಟಿನಲ್ಲಿ ಮರದ ಹೊಟ್ಟು ಕಲಸಿ ಸಂದು ತುಂಬಿದೆ, ಕ್ಲಾಂಪ್ ಬಿಗಿದೆ, 24 ಗಂಟೆ ಕಾದೆ. ನೋಡಲು ಚೆಂದವೇ ಇತ್ತು. ಆದರೆ ಆರು ತಂತಿಗಳನ್ನು ಶ್ರುತಿಗೆ ಏರಿಸಿದರೆ ನೆಕ್ಕಿನ ಮೇಲೆ ಬೀಳುವ ಎಳೆತ ಸುಮಾರು 45 ಕಿಲೋ. ಮೂರನೆಯ ವಾರಕ್ಕೆ ನೆಕ್ಕು ಮುಂದಕ್ಕೆ ಬಾಗಿತು, ತಂತಿಗಳು ಫ್ರೆಟ್ಟುಗಳಿಂದ ಮೇಲೆದ್ದವು. ನಾನು ಅಂಟನ್ನು ಬೈದೆ.

ಹುನಗುಂದದಲ್ಲಿ ನಮಗೆ ಪರಿಚಯದ ಬಡಿಗ ಕಾಕಾ ಒಬ್ಬರಿದ್ದಾರೆ. ಗಿಟಾರು ತಿರುವಿ ನೋಡಿ ಅವರು ಅಂದದ್ದು ಇಷ್ಟೇ: “ಅಂಟಿಗ್ಯಾಕ ಬೈತೀ ತಮ್ಮಾ? ಕಟಗಿಗೆ ಕಟಗಿ ಹತ್ತೇ ಇಲ್ಲ. ಅಂಟು ಏನ್ ಮಾಡ್ತದ?”

ಉಗಿ ಹಾಯಿಸಿ, ಕಾಯಿಸಿದ ಚಾಕು ತೂರಿಸಿ ಕೂಡನ್ನು ಬಿಡಿಸಿದರು. ಹಳೆಯ ಅಂಟನ್ನು ಪೂರಾ ಕೆರೆಸಿದರು. ಒಣಗಿದ ಅಂಟಿನ ಮೇಲೆ ಹೊಸ ಅಂಟು ಹಿಡಿಯುವುದಿಲ್ಲ. ನೆಕ್ಕಿನ ಬುಡದ ಎರಡೂ ಕೆನ್ನೆಗೆ ಸಾಗವಾನಿಯದೇ ತೆಳು ಪಟ್ಟಿ ಅಂಟಿಸಿ, ಅದು ಒಣಗಿದ ಮೇಲೆ ಉಳಿ ನನ್ನ ಕೈಗೆ ಕೊಟ್ಟರು. ಆಮೇಲೆ ಕಲಿತದ್ದು ಇದು. ಅಂಟಿನ ಪದರ ತೆಳುವಾದಷ್ಟೂ ಹಿಡಿತ ಗಟ್ಟಿ. ಮರದ ಎಳೆಗಳು ಉದ್ದಕ್ಕೆ ಹರಿದ ಕೆನ್ನೆಗಳು ಭಾರ ಹೊರುತ್ತವೆ. ಅಡ್ಡ ಕೊಯ್ದ ತುದಿ ಅಂಟನ್ನು ಕುಡಿಯುತ್ತದೆ, ಹಿಡಿಯುವುದು ಕಡಿಮೆ. ಸಾಗವಾನಿಯಲ್ಲಿ ಎಣ್ಣೆ ಇರುವುದರಿಂದ ಥಿನ್ನರ್ ಬಟ್ಟೆಯಲ್ಲಿ ಒರೆಸಿ, ತಡಮಾಡದೆ ಅಂಟು ಹಚ್ಚಬೇಕು. ಕಚ್ಚಿನ ತಳದಲ್ಲಿ ಚೂರು ಜಾಗ ಬಿಡಬೇಕು, ಇಲ್ಲದಿದ್ದರೆ ಹೋಗಲು ದಾರಿಯಿಲ್ಲದ ಅಂಟು ನೆಕ್ಕನ್ನೇ ಮೇಲೆತ್ತುತ್ತದೆ. ನಾನು ಹಾಕಿದ ಎತ್ತರದ ಬ್ರಿಜ್‌ಗೆ ನೆಕ್ಕು ಸುಮಾರು 4 ಡಿಗ್ರಿ ಹಿಂದಕ್ಕೆ ವಾಲಬೇಕು; ಅಂಟು ಒಣಗಿದ ಮೇಲೆ ಆ ಕೋನವನ್ನು ತಿದ್ದಲು ಯಾವ ಸ್ಕ್ರೂವೂ ಇಲ್ಲ. ಕೊನೆಯ ಪರೀಕ್ಷೆ: ಅಂಟಿಲ್ಲದೆ ಕೂಡಿಸಿ, ನೆಕ್ಕು ಹಿಡಿದು ಎತ್ತಿದರೆ ಬಾಡಿ ಕಳಚಿ ಬೀಳಬಾರದು. ಅಷ್ಟಾಗಲು ಒಂಬತ್ತು ದಿನ ಹಿಡಿಯಿತು. ಅಂಟು ಹಚ್ಚಿ ಬಿಗಿಯಲು ಹತ್ತು ನಿಮಿಷ.

ನಾವು ಬರಹದಲ್ಲಿ ಆ ಒಂಬತ್ತು ದಿನವನ್ನು ಬಿಟ್ಟು ಹತ್ತು ನಿಮಿಷವನ್ನಷ್ಟೇ ಬರೆಯುತ್ತೇವೆ. ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು, ನಡುವಿನ ಸಂದಿಗೆ ‘ಬೆಸುಗೆ’ ತುಂಬಿ ಉಜ್ಜಿಬಿಡುತ್ತೇವೆ. ನಾನು ತುಂಬಿದ ಹೊಟ್ಟಿಗೂ ಇದಕ್ಕೂ ವ್ಯತ್ಯಾಸವಿಲ್ಲ. ಪದದ ಮಾಲೀಕರಾದ ಅಕ್ಕಸಾಲಿಗರೂ ಮೊದಲು ಉಜ್ಜಿ, ಹೊಂದಿಸಿ, ಆಮೇಲೆ ಬೆಂಕಿ ತೋರಿಸುತ್ತಾರೆ.

ಇದು ಪದದ ಜಗಳವಷ್ಟೇ ಅಲ್ಲ. ಇಳಕಲ್ಲಿನಲ್ಲಿ ನನ್ನ ಚಿಗವ್ವ ಕೈಮಗ್ಗದ ಮನೆಯವಳು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೆ ಸೆರಗು ರೇಷ್ಮೆಯದು. ಒಂದರ ಎಳೆಗಳನ್ನು ಇನ್ನೊಂದರ ಎಳೆಗಳಿಗೆ ಕುಣಿಕೆ ಹಾಕಿ ಕೂಡಿಸುವುದೇ ಕೊಂಡಿ. ಕೊಂಡಿ ಇರುವುದರಿಂದ ಪ್ರತಿ ಸೀರೆಗೂ ಹಾಸನ್ನು ಬೇರೆಯಾಗಿ ಸಿದ್ಧಮಾಡಬೇಕು, ತಾನಿನಂತೆ ನೇಯುತ್ತ ಹೋಗಲು ಬರುವುದಿಲ್ಲ. ಸೀರೆಗೆ ಜಿಐ ಮಾನ್ಯತೆ ಸಿಕ್ಕಿದೆ. ಆದರೂ ಕೊಂಡಿಯೇ ಇಲ್ಲದೆ, ಬಣ್ಣ ಮತ್ತು ಸೆರಗಿನ ತೆನಿಯನ್ನಷ್ಟೇ ಹೋಲಿಸಿ ಪವರ್‌ಲೂಮಿನಲ್ಲಿ ತೆಗೆದದ್ದೂ ಇಳಕಲ್ ಸೀರೆ ಎಂದೇ ಮಾರಾಟವಾಗುತ್ತದೆ. ನಮ್ಮ ಪ್ರಬಂಧಗಳು ಎರಡನ್ನೂ ‘ಪರಂಪರೆಯ ಬೆಸುಗೆ’ ಎಂದು ಹೊಗಳಿದರೆ ಲಾಭ ಯಾರಿಗೆ? ಕೊಂಡಿ ಇದೆಯೋ ಇಲ್ಲವೋ ಎಂದು ಸೀರೆ ತಿರುವಿ ನೋಡದ ವಿಮರ್ಶಕ, ಗೊತ್ತಿಲ್ಲದೆಯೇ ಚಿಗವ್ವನ ಕೂಲಿ ಮುರಿಯುವ ವ್ಯಾಪಾರಿಯ ಪಕ್ಕ ನಿಂತಿರುತ್ತಾನೆ.

ಹಾಗಾದರೆ ಕೂಡಿಸುವುದೇ ಬೇಡ, ಎಲ್ಲವೂ ಏಕಶಿಲೆಯಾಗಿರಲಿ ಎನ್ನುವ ಶುದ್ಧಿವಾದಿಗಳೂ ಇದ್ದಾರೆ. ಕನ್ನಡದ ಹುಡುಗನಿಗೆ ಗಿಟಾರು ಯಾಕೆ ಎಂದು ಕೇಳಿದವರು ಅವರೇ. ಅವರು ಬಾದಾಮಿಗೆ ಹೋಗಿ ಬರಲಿ. 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ ಕಂಬ, ತೊಲೆ, ಚಾವಣಿ ಎಲ್ಲವೂ ಒಂದೇ ಬಂಡೆ. ಆದರೆ ಅದೇ ಚಾಲುಕ್ಯರ ಕಾಲದ ಶಿಲ್ಪಿಗಳು ಐಹೊಳೆ, ಪಟ್ಟದಕಲ್ಲುಗಳಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ಗುಡಿ ಕಟ್ಟಿದರು. ಅಲ್ಲಿ ಗಾರೆಯಿಲ್ಲದೆ ಕಲ್ಲು ನಿಂತಿರುವುದು ಒಂದರ ಮೈಗೆ ಇನ್ನೊಂದನ್ನು ಕೆತ್ತಿ ಹೊಂದಿಸಿದ್ದರಿಂದ. ಗುಹೆ ಕೊರೆದವರಿಗೆ ಕೂಡಿಸುವುದು ಅವಮಾನ ಅನ್ನಿಸಲಿಲ್ಲ.

ಎರಡನೆಯ ಅಧ್ಯಾಯವನ್ನು ಈಗ ಮತ್ತೆ ಬರೆಯುತ್ತಿದ್ದೇನೆ. ‘ಬೆಸುಗೆ’ ಬಂದ ಒಂದೊಂದು ಕಡೆಯೂ ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಯಾವುದು ಯಾವುದಕ್ಕೆ ಕೂಡಿತು? ಕೂಡಲು ಯಾರು ಎಷ್ಟು ಕೆತ್ತಿಸಿಕೊಂಡರು? ಕೆತ್ತಿದ ಕೈ ಯಾರದು? 14ರಲ್ಲಿ 11 ಕಡೆ ನನ್ನಲ್ಲಿ ಉತ್ತರವಿರಲಿಲ್ಲ. ಆ ವಾಕ್ಯಗಳನ್ನು ಹೊಡೆದುಹಾಕಿದೆ. ಅಧ್ಯಾಯ ತೆಳ್ಳಗಾಗಿದೆ, ಮಾರ್ಗದರ್ಶಕರಿಗೆ ಬೇಸರವಾಗಿದೆ. ಗಿಟಾರು ಮಾತ್ರ ಎಂಟು ತಿಂಗಳಿಂದ, ನಮ್ಮ ಬೇಸಿಗೆಯನ್ನೂ ದಾಟಿ, ಅಲುಗದೆ ನಿಂತಿದೆ.