ಬಯಲೇ ಬಡವರ ಮಕ್ಕಳ ಪ್ರಯೋಗಶಾಲೆ

ಗಿರಣಿ ಕಾರ್ಮಿಕನ ಮಗ ಬುಗುರಿ ಆಡಿಸಿದರೆ ಅವನನ್ನು ಪೋಲಿ ಎನ್ನುತ್ತಾರೆ. ಆದರೆ ಬುಗುರಿ ನುಣುಪು ನೆಲದಲ್ಲಿ ಹೆಚ್ಚು ಹೊತ್ತು ತಿರುಗುವುದನ್ನೂ, ವೇಗ ತಗ್ಗಿದಂತೆ ಓಲಾಡಿ ಬೀಳುವುದನ್ನೂ ಅವನು ಕಣ್ಣಾರೆ ಕಂಡು ಬಲ್ಲ. ಮಳೆನೀರಿಗೆ ಕಟ್ಟಿದ ಮಣ್ಣಿನ ಒಡ್ಡು ಒಡೆದರೆ, ಅವನ ತಂಗಿ ಮರುಸಲ ಬುಡ ದಪ್ಪಮಾಡುತ್ತಾಳೆ. ಇದು ವಿಜ್ಞಾನವಲ್ಲದೆ ಮತ್ತೇನು? ಘರ್ಷಣೆ, ಒತ್ತಡ ಎಂಬ ಹೆಸರುಗಳನ್ನು ಮೇಷ್ಟರು ಆಮೇಲೆ ಹೇಳಲಿ.

ಶಾಲೆಗೆ ಆಟದ ಮೈದಾನ ಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯೇ ಹೇಳುತ್ತದೆ. ಆದರೂ ಬಯಲು ಕಂಡಲ್ಲಿ ಮಳಿಗೆ ಎಬ್ಬಿಸುವ ಹವಣಿಕೆ! ವ್ಯಾಪಾರಿ ಬಂಧುಗಳೇ, ಆ ಮಳಿಗೆ ನಿಮಗೆ ದಕ್ಕೀತೇ? ಹರಾಜಿನಲ್ಲಿ ಹೆಚ್ಚು ಸವಾಲು ಕೂಗುವವನು ಧನಿಕನೇ. ಉಳ್ಳವರ ಮಕ್ಕಳಿಗೆ ಹಣ ತೆತ್ತರೆ ಪ್ರಯೋಗಶಾಲೆ ಸಿಕ್ಕೀತು. ನಮ್ಮ ಮಕ್ಕಳಿಗಿರುವುದು ಬಯಲೊಂದೇ. ಅದನ್ನು ಬಿಟ್ಟುಕೊಡಬೇಡಿ!