ಹೊಳೆಯ ಕಲ್ಲು ಹೊಳೆಯಲ್ಲೇ ಇರಲಿ

ಅಮೆರಿಕೆಯ ಅಪಲಾಚಿಯನ್ ಬೆಟ್ಟಗಳಿಗೆ ವಿಹಾರ ಹೋದವರು ಹೊಳೆಯ ಕಲ್ಲುಗಳನ್ನೆತ್ತಿ ಒಂದರ ಮೇಲೊಂದು ಪೇರಿಸಿ, ಪಕ್ಕದಲ್ಲಿ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುವುದು ಈಚೆಗೆ ಒಂದು ಶೋಕಿಯಾಗಿದೆ. ಮಕ್ಕಳ ಮನೆಗೆಂದು ಅಲ್ಲಿಗೆ ಹೋಗುವ ನನ್ನ ವಯಸ್ಸಿನ ಕನ್ನಡಿಗರಲ್ಲೂ ಈ ಶೋಕಿ ಇದೆ. ಇದು ನಿಲ್ಲಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕಾರಣ, ಆ ಕಲ್ಲಿನ ಕೆಳಗೆ ಬಾಳುವ ಸಲಾಮಾಂಡರ್.

ನಮ್ಮ ಶಾಲೆಗಳಲ್ಲಿ ಉಭಯವಾಸಿ ಎಂದರೆ ಕಪ್ಪೆ ಎಂದಷ್ಟೇ ಹೇಳಿ ಮುಂದಿನ ಪಾಠಕ್ಕೆ ಸಾಗುವುದು ರೂಢಿ. ಅದು ತಪ್ಪೆನ್ನಲಾಗದು, ಭಾರತದಲ್ಲಿ ಸಲಾಮಾಂಡರ್‌ಗಳಿರುವುದು ಡಾರ್ಜಿಲಿಂಗ್ ಮೊದಲಾದ ಪೂರ್ವ ಹಿಮಾಲಯ ಮತ್ತು ಈಶಾನ್ಯದ ಬೆಟ್ಟಗಳ ಕಡೆ ಮಾತ್ರ. ನೋಡಲು ಹಲ್ಲಿಯಂತೆ ಕಂಡರೂ ಇದು ಕಪ್ಪೆಯ ಬಂಧು. ಮೈಮೇಲೆ ಶಲ್ಕಗಳಿಲ್ಲ, ಚರ್ಮ ಸದಾ ತೇವವಾಗಿರಬೇಕು.

ಟೆನೆಸಿ ಮತ್ತು ನಾರ್ತ್ ಕೆರೊಲಿನಾ ರಾಜ್ಯಗಳ ಗಡಿಯಲ್ಲಿರುವ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನವೊಂದರಲ್ಲೇ 30 ಬಗೆಯ ಸಲಾಮಾಂಡರ್‌ಗಳಿವೆ. ಅವುಗಳಲ್ಲಿ 24 ಬಗೆಗಳಿಗೆ ಶ್ವಾಸಕೋಶವೇ ಇಲ್ಲ! ಚರ್ಮದಿಂದಲೂ ಬಾಯಿಯ ಒಳಪೊರೆಯಿಂದಲೂ ಉಸಿರಾಡುತ್ತವೆ. ಮಳೆ, ಮಂಜು, ಕೊಳೆತ ಎಲೆಗಳ ಹಾಸು, ತಣ್ಣನೆಯ ತೊರೆಗಳು, ಇವಿಷ್ಟೂ ಒಂದೆಡೆ ಸೇರಿರುವುದರಿಂದಲೇ ಅವು ಅಲ್ಲಿ ಬದುಕಿವೆ.

ಇವುಗಳಲ್ಲೆಲ್ಲ ದೊಡ್ಡಣ್ಣ ಹೆಲ್‌ಬೆಂಡರ್. ಎರಡು ಅಡಿ ಮೀರಿ ಬೆಳೆಯಬಲ್ಲದು. ಚಪ್ಪಟೆ ತಲೆ, ಪಕ್ಕೆಯಲ್ಲಿ ಜೋಲುವ ಚರ್ಮದ ನೆರಿಗೆಗಳು. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಈ ನೆರಿಗೆಗಳೇ ಹೀರುತ್ತವೆ. ಮೈಯ ಲೋಳೆ ಕಂಡು ಅಲ್ಲಿನ ಜನ ಅದನ್ನು 'ಸಿಂಬಳದ ನೀರುನಾಯಿ' ಎಂದು ಹಾಸ್ಯ ಮಾಡುತ್ತಾರೆ. ವಿಷಜಂತುವೆಂದು ಭಾವಿಸಿ ಗಾಳ ಹಾಕುವವರು ಕೊಂದದ್ದೂ ಉಂಟು. ಅದು ವಿಷಜಂತುವಲ್ಲ, ಸೀಗಡಿಯ ಜಾತಿಯ ಜೀವಿಗಳನ್ನು ತಿಂದುಕೊಂಡಿರುವ ಸಾಧುಪ್ರಾಣಿ. ಹಗಲೆಲ್ಲ ದೊಡ್ಡ ಚಪ್ಪಟೆ ಕಲ್ಲಿನಡಿ ಅಡಗಿರುತ್ತದೆ. ಶರತ್ಕಾಲದಲ್ಲಿ ಹೆಣ್ಣು ಅಂಥದೇ ಕಲ್ಲಿನಡಿ ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಆಮೇಲೆ ಮರಿಯೊಡೆಯುವವರೆಗೆ ಕಾವಲು ಕಾಯುವುದು ಗಂಡು. ಆ ಕಲ್ಲನ್ನು ಎತ್ತಿದರೆ ಮೊಟ್ಟೆಗಳು ನೀರಿನ ಪಾಲು.

ನಮ್ಮ ಬೆಟ್ಟದ ದೇವಸ್ಥಾನಗಳ ಹಾದಿಯಲ್ಲಿ, ಸ್ವಂತ ಮನೆಯಾಗಲಿ ಎಂದು ಹರಸಿಕೊಂಡು ಕಲ್ಲಿನ ಮೇಲೆ ಕಲ್ಲಿಡುವ ಪದ್ಧತಿ ಓದುಗರಿಗೆ ತಿಳಿದದ್ದೇ. ಒಣ ಬಂಡೆಯ ಮೇಲೆ ಅದು ಯಾರಿಗೂ ಅಷ್ಟಾಗಿ ಕೇಡು ಮಾಡದು. ಆ ಹರಕೆಯನ್ನು ಸ್ಮೋಕಿ ಬೆಟ್ಟದ ಹೊಳೆಗೆ ಒಯ್ದರೆ ಮಾತ್ರ, ನಮ್ಮ ಮನೆಗಾಗಿ ಇನ್ನೊಂದು ಜೀವಿಯ ಮನೆಯ ಸೂರು ಕಿತ್ತಂತಾಗುತ್ತದೆ.

'ನಾಲ್ಕು ಕಲ್ಲು ಸರಿಸಿದರೆ ಏನು ಮಹಾ? 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತದ ಪ್ರವಾಹ ಬಂಡೆಗಳನ್ನೇ ಉರುಳಿಸಲಿಲ್ಲವೇ?' ಎಂದು ವಾದಿಸುವವರಿದ್ದಾರೆ. ಹೆಲ್‌ಬೆಂಡರಿನ ಅವನತಿಗೆ ಮುಖ್ಯ ಕಾರಣ ಕಲ್ಲು ಪೇರಿಸುವವರಲ್ಲ ಎಂಬುದು ನಿಜವೇ. ಹೊಳೆಗೆ ಹರಿದುಬರುವ ಹೂಳು, ಅಣೆಕಟ್ಟುಗಳು, ಕೆಟ್ಟ ನೀರು ಇವು ದೊಡ್ಡ ಶತ್ರುಗಳು. ಗೊತ್ತಿದ್ದ 626 ನೆಲೆಗಳ ಪೈಕಿ 371ರಲ್ಲಿ ಮಾತ್ರ ಪೂರ್ವದ ಹೆಲ್‌ಬೆಂಡರ್ ಉಳಿದಿದೆ ಎಂದು ಲೆಕ್ಕ ಹಾಕಿದ ಅಲ್ಲಿನ ವನ್ಯಜೀವಿ ಇಲಾಖೆ, 2024ರ ಡಿಸೆಂಬರಿನಲ್ಲಿ ಅದನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸುವ ಪ್ರಸ್ತಾಪ ಮುಂದಿಟ್ಟಿತು. ಇಷ್ಟು ಕ್ಷೀಣಿಸಿದ ಮೇಲೆ ಉಳಿದ ಒಂದೊಂದು ಗೂಡಿಗೂ ಬೆಲೆಯಿದೆ. ಅಲ್ಲದೆ ಆ ಉದ್ಯಾನಕ್ಕೆ ವರ್ಷಕ್ಕೆ ಒಂದು ಕೋಟಿಗೂ ಮೀರಿ ಭೇಟಿಗಳಾಗುತ್ತವೆ. ನೂರಕ್ಕೊಬ್ಬರು ನಾಲ್ಕು ಕಲ್ಲು ಎತ್ತಿದರೂ ನಾಲ್ಕು ಲಕ್ಷ ಕಲ್ಲಾಯಿತು! ಹೂಳನ್ನೂ ಚಂಡಮಾರುತವನ್ನೂ ತಡೆಯುವುದು ಪ್ರವಾಸಿಯ ಕೈಯಲ್ಲಿಲ್ಲ, ಕಲ್ಲನ್ನು ಮುಟ್ಟದಿರುವುದು ಇದೆ. ಉದ್ಯಾನದೊಳಗೆ ಹೊಳೆಯ ಕಲ್ಲು ಸರಿಸುವುದು ಕಾನೂನಿನ ಪ್ರಕಾರವೂ ನಿಷಿದ್ಧ.

ಮೊಮ್ಮಕ್ಕಳು ನೀರಾಡುತ್ತ ಕಲ್ಲು ಕಟ್ಟಿ ಪುಟ್ಟ ಅಣೆ ಮಾಡಿದರೆ ಅಜ್ಜ ಅಜ್ಜಿಯರು ಮುದ್ದಿನಿಂದ ಸುಮ್ಮನಿರಬಾರದು. ಕಲ್ಲಿನಡಿ ಯಾರಿದ್ದಾರೆಂದು ಹೇಳಿದರೆ ಮಕ್ಕಳು ಕೇಳುತ್ತಾರೆ, ಹಿರಿಯರಿಗಿಂತ ಬೇಗ ಕೇಳುತ್ತಾರೆ. ಸಲಾಮಾಂಡರನ್ನು ಅವರಿಗೆ ತೋರಿಸಲೇಬೇಕೆಂದಿದ್ದರೆ ಮಳೆ ನಿಂತ ರಾತ್ರಿ ಟಾರ್ಚ್ ಹಿಡಿದು ಕಾಡಿನ ಕಾಲುದಾರಿಯಲ್ಲಿ ನಿಧಾನವಾಗಿ ನಡೆದರಾಯಿತು. ಸಣ್ಣ ಜಾತಿಯವು ಒದ್ದೆ ಎಲೆಗಳ ಮೇಲೆ ತಾವಾಗಿಯೇ ಹೊರಬಂದಿರುತ್ತವೆ.